ನೀಲವ್ವ ಕೈ ಮಾಡಿದ ದಿನ

ನಾನು ಕಾರಿನ ಒಂದು ಬ್ರೇಕ್ ಪೆಡಲು. ಅಂಗೈಯಗಲದ ಕಬ್ಬಿಣ, ಮೇಲೊಂದು ರಬ್ಬರು, ಅಷ್ಟೇ ನನ್ನ ದೇಹ. ಬೆಳಗಾವಿಯ ಒಂದು ಕಾರ್ಖಾನೆಯಲ್ಲಿ ತಗಡಾಗಿ ಅಚ್ಚಿನ ಕೆಳಗೆ ಹೋದವನು ಪೆಡಲಾಗಿ ಹೊರಬಿದ್ದೆ. ಉಸಿರು ಬಿಡುವ ಮೊದಲೇ ಒಂದು ಯಂತ್ರ ನನ್ನನ್ನು ಸಾವಿರ ಸಲ ಒತ್ತಿ ನೋಡಿತು. ಇವನು ಕೈಕೊಟ್ಟರೆ ಯಾರದೋ ಜೀವ ಹೋಗುತ್ತದೆ ಎಂದು ಅಲ್ಲಿಯ ಮೇಸ್ತ್ರಿ ಯಾರಿಗೋ ಹೇಳುತ್ತಿದ್ದ. ಆ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ನೆಮ್ಮದಿ ಹಾರಿಹೋಯಿತು. ಅಂದಿನಿಂದ ನಾನು ಮಹಾ ಪುಕ್ಕಲ. ನಗಬೇಡಿ, ಬ್ರೇಕಾಗಿ ಹುಟ್ಟಿದವನು ಪುಕ್ಕಲನಾಗಿರುವುದೇ ಒಳ್ಳೆಯದು.

ನನಗೆ ಕಣ್ಣಿಲ್ಲ. ಕಾರಿನೊಳಗೆ ಆಡಿದ ಮಾತು, ಹೊರಗಿನ ಸದ್ದು ಕೇಳುತ್ತದೆ, ಕಾಣದ್ದನ್ನು ಅದರಿಂದಲೇ ತಿಳಿದುಕೊಳ್ಳುತ್ತೇನೆ. ಮೇಲಿಟ್ಟ ಪಾದದ ಗುಣವೂ ತಿಳಿಯುತ್ತದೆ. ನನ್ನ ಮೊದಲ ಒಡೆಯರು ಹುಬ್ಬಳ್ಳಿಯ ಹಲ್ಲಿನ ಡಾಕ್ಟರು ಹಂಪಿಹೊಳಿಯವರು. ಇರುವೆ ಕಂಡರೂ ಬ್ರೇಕು ಹಾಕುವವರು. ನಡೆದುಕೊಂಡು ಹೋಗಿದ್ದರೆ ಇಷ್ಟು ಹೊತ್ತಿಗೆ ಮುಟ್ಟುತ್ತಿದ್ದೆವು ಎಂದು ಅವರ ಹೆಂಡತಿ ಹಂಗಿಸುತ್ತಿದ್ದರು. ನನಗಂತೂ ಅಂಥ ಒಡೆಯರು ಮತ್ತೆ ಸಿಗಲಿಲ್ಲ.

ನಾಲ್ಕು ವರ್ಷದ ಮೇಲೆ ನಮ್ಮ ಕಾರನ್ನು ಒಂದು ಕಂಪನಿ ಕೊಂಡಿತು, ತಾನಾಗಿಯೇ ಓಡುವ ಕಾರು ಮಾಡುವ ಕಂಪನಿ. ಕಾರಿನ ನೆತ್ತಿಗೆ ಕ್ಯಾಮೆರಾ, ಡಿಕ್ಕಿಯಲ್ಲಿ ಕಂಪ್ಯೂಟರು ಇಟ್ಟರು. ನನ್ನ ಬೆನ್ನಿಗೊಂದು ಪುಟ್ಟ ಮೋಟಾರು ಕಟ್ಟಿದರು. ಕಂಪ್ಯೂಟರು ಹೇಳಿದಾಗ ಆ ಮೋಟಾರು ನನ್ನನ್ನು ಎಳೆಯಬೇಕು. ಮೊದಲ ದಿನ ಪಾದವೇ ಇಲ್ಲದೆ ಕೆಳಗಿಳಿದೆ ನೋಡಿ, ಅಯ್ಯೋ, ದೆವ್ವ ಮೆಟ್ಟಿದ ಹಾಗಾಯಿತು.

ಆದರೂ ಚಾಲಕನ ಸೀಟಿನಲ್ಲಿ ಒಬ್ಬ ಮನುಷ್ಯ ಇರಲೇಬೇಕಿತ್ತು, ಕಂಪ್ಯೂಟರು ತಪ್ಪಿದರೆ ನನ್ನನ್ನು ಒತ್ತಲು. ಅವರೇ ಖಾದರಸಾಬರು. ಮೂವತ್ತೆರಡು ವರ್ಷ ಬಸ್ಸು ಓಡಿಸಿ, ಒಂದು ಕೋಳಿಗೂ ತಾಗಿಸದೆ ನಿವೃತ್ತರಾದವರು. ಪಕ್ಕದಲ್ಲಿ ಲ್ಯಾಪ್‌ಟಾಪು ಹಿಡಿದ ಇಂಜಿನಿಯರ್ ವಿನುತಾ ಕೂರುತ್ತಿದ್ದಳು.

ನಮ್ಮ ಕಡೆಯ ರಸ್ತೆಗಳಲ್ಲಿ ಎತ್ತಿದ ಕೈಗೆ ಬಹಳ ಬೆಲೆ. ಬಸ್ಸು ಬೇಕೆಂದರೂ ಕೈ ಮಾಡುತ್ತಾರೆ, ರಸ್ತೆ ದಾಟಬೇಕೆಂದರೂ ಕೈ ಮಾಡಿ ನಡೆದೇಬಿಡುತ್ತಾರೆ. ಪಾಪದ ಕಂಪ್ಯೂಟರು ಕೈ ಕಂಡಲ್ಲೆಲ್ಲ ಕಾರು ನಿಲ್ಲಿಸಿತು. ಒಮ್ಮೆ ನಿಂತದ್ದೇ ತಡ, ಒಬ್ಬ ಅಜ್ಜ ಬಾಗಿಲು ತೆಗೆದು ಒಳಗೆ ಕೂತು, ಎಪಿಎಂಸಿ ಮುಂದೆ ಇಳಿಸಿರೆಂದು ಅಪ್ಪಣೆ ಕೊಟ್ಟ. ಇನ್ನೊಮ್ಮೆ ಮೂವರು ಹೆಂಗಸರು ಮೆಂತ್ಯೆ ಸೊಪ್ಪಿನ ಗಂಟಿನ ಸಮೇತ ಏರಿದರು. ಖಾದರಸಾಬರು ಕೆಮ್ಮು ಬರುವಷ್ಟು ನಕ್ಕರು. ಕಂಪನಿಯವರು ನಗಲಿಲ್ಲ. ರಸ್ತೆಯಂಚಿನಲ್ಲಿ ಕೈ ಎತ್ತಿದವರು ಬಸ್ಸು ಕಾಯುವವರು, ಅವರು ಅಲ್ಲೇ ನಿಂತಿರುತ್ತಾರೆ, ನೀನು ನಿಲ್ಲಬೇಡ ಎಂದು ಕಂಪ್ಯೂಟರಿಗೆ ಹೊಸದಾಗಿ ಕಲಿಸಿದರು.

ಅಂದಿನಿಂದ ನನಗೆ ಒಬ್ಬಳದೇ ಚಿಂತೆ ಹತ್ತಿತು. ಹತ್ತಿ ಮಿಲ್ಲಿನ ಎದುರಿನ ಸರಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ನೀಲವ್ವ, ದಿನಾ ಬೆಳಿಗ್ಗೆ ಮಿಲ್ಲಿನ ಸೈರನ್ ಕೂಗುವ ಹೊತ್ತಿಗೆ ಅಲ್ಲಿ ದಾಟುತ್ತಿದ್ದಳು. ಕೈ ಎತ್ತುವುದು, ಸೀದಾ ನಡೆಯುವುದು, ಅಷ್ಟೇ. ಬಸ್ಸಿನ ಕಾಲದಿಂದ ಖಾದರಸಾಬರಿಗೆ ಆಕೆಯ ಪರಿಚಯ. ಕಂಪ್ಯೂಟರು ತೆಪ್ಪಗಿರುತ್ತಿತ್ತು, ಸಾಬರ ಪಾದ ತಪ್ಪದೆ ನನ್ನ ಮೇಲೆ ಬೀಳುತ್ತಿತ್ತು. ಪಾದ ಬಿದ್ದಾಗಲೆಲ್ಲ ಕಾರಿಗೊಂದು ಸೋಲು ಎಂದು ಲ್ಯಾಪ್‌ಟಾಪಿನಲ್ಲಿ ದಾಖಲಾಗುತ್ತಿತ್ತು. ಸ್ವಲ್ಪ ತಡೆದು ನೋಡಿ ಎಂದು ವಿನುತಾ ಬೇಡಿಕೊಂಡಳು.

“ಮೇಡಂ, ಆಕಿ ಗಾಡಿ ನೋಡಂಗಿಲ್ರಿ,” ಎಂದರು ಸಾಬರು. “ಕೈ ಮಾಡೀನಿ, ನಿಲ್ಲಸ್ತಾರ ಅಂತ ಬರ್ತಾಳ. ಆಕಿ ನಂಬಿದ್ದು ಮನಶ್ಯಾನ್ನ, ನಿಮ್ಮ ಪೆಟಿಗಿನ್ನಲ್ಲ.”

ವಿನುತಾ ಕೆಟ್ಟವಳಲ್ಲ. ಈ ವಿಷಯವನ್ನು ಮೇಲಿನವರಿಗೆ ಎರಡು ಸಲ ಬರೆದಳು. ಅತಿಥಿಗಳ ಮುಂದೆ ಕಾರಿನ ಪ್ರದರ್ಶನವಿದೆ, ಅದು ಮುಗಿಯಲಿ, ಆಮೇಲೆ ನೋಡೋಣ ಎಂಬ ಉತ್ತರ ಬಂತು.

ಪ್ರದರ್ಶನದ ದಿನ ಹಿಂದಿನ ಸೀಟಿನಲ್ಲಿ ಕಂಪನಿಯ ದೊಡ್ಡವರು ಅತಿಥಿಗಳೊಂದಿಗೆ ಕೂತಿದ್ದರು. ಕಾರು ತಾನಾಗಿಯೇ ಓಡುವುದು ಅವರಿಗೆ ಕಾಣಬೇಕಲ್ಲ, ಖಾದರಸಾಬರು ಎರಡೂ ಕಾಲನ್ನು ಸೀಟಿನ ಕೆಳಗೆ ಮಡಚಿಕೊಳ್ಳಬೇಕೆಂದು ಆಜ್ಞೆಯಾಯಿತು. ಅದನ್ನು ಹೇಳುವಾಗ ವಿನುತಾಳ ಧ್ವನಿ ಸಣ್ಣಗಾಗಿತ್ತು. ಸಾಬರು ಕಾಲು ಹಿಂದೆಳೆದುಕೊಂಡರು. ಹಂಪಿಹೊಳಿಯವರ ಚಪ್ಪಲಿ ನೆನಪಾಗಿ ನನಗೆ ಅಳು ಬಂತು.

ದೂರದಲ್ಲಿ ಮಿಲ್ಲಿನ ಸೈರನ್ ಕೂಗಿತು. ಎಳೆಯೋ ಮಾರಾಯ, ಈಗಲೇ ಎಳೆ ಎಂದು ನಾನು ಬೆನ್ನಿನ ಮೋಟಾರಿಗೆ ಗೋಗರೆದೆ. ಅದು ಅಲುಗಲಿಲ್ಲ. ಹಿಂದಿನವರು ಯಾವುದೋ ಹೋಟೆಲಿನ ಊಟದ ವಿಷಯ ಮಾತಾಡುತ್ತಿದ್ದರು. “ಸಾಬ್ರೇ,” ಎಂದಳು ವಿನುತಾ. ಅವಳ ಬಾಯಿಂದ ಅಷ್ಟೇ ಹೊರಟಿತು. ಪಾದ ಬಂತು, ಆದರೆ ಸೀಟಿನ ಕೆಳಗಿಂದ ಬರಬೇಕಾಯಿತು. ಆಗಲೇ ಮೋಟಾರಿಗೂ ಎಚ್ಚರವಾಯಿತು. ಇಬ್ಬರೂ ಒಟ್ಟಿಗೆ ಒತ್ತಿದರು, ನಾನು ಇದ್ದ ಶಕ್ತಿಯೆಲ್ಲ ಹಾಕಿ ನೆಲದವರೆಗೆ ಇಳಿದೆ. ಮುಂದುಗಡೆ ಧಡ್ ಎಂದು ಸದ್ದಾಯಿತು.

ಬಾಗಿಲು ತೆರೆದು ಸಾಬರು ಓಡಿದರು. ಹೊರಗಿನಿಂದ ನೀಲವ್ವನ ದನಿ ಕೇಳಿಸಿತು. “ಯಪ್ಪಾ, ನಾ ಕೈ ಮಾಡಿದ್ನಲ್ಲೋ.”

ನೀಲವ್ವ ಬದುಕಿದಳು, ಸೊಂಟದ ಮೂಳೆ ಮುರಿದಿತ್ತು. ವಿಚಾರಣೆಯಲ್ಲಿ ಕಂಪ್ಯೂಟರಿನ ದಾಖಲೆ ತೆಗೆದರು. ಚಾಲಕನ ಪಾದ ಒಂದು ಸೆಕೆಂಡು ತಡವಾಗಿದೆ ಎಂದು ಅದರಲ್ಲಿತ್ತು. ಹೌದು, ತಡವಾಗಿತ್ತು. ಆ ಪಾದವನ್ನು ಯಾರು ಹಿಂದಕ್ಕೆ ಕಳಿಸಿದ್ದರು ಎಂಬುದು ಅದರಲ್ಲಿರಲಿಲ್ಲ. ಕಾಲು ಮಡಚಿಸಿದ್ದು ನಾವೇ ಎಂದು ವಿನುತಾ ಹೇಳಿದಳಂತೆ, ಯಾರೂ ಬರೆದುಕೊಳ್ಳಲಿಲ್ಲವಂತೆ. ಅವಳು ಕೆಲಸ ಬಿಟ್ಟಳು. ತಪ್ಪು ಖಾದರಸಾಬರ ತಲೆಗೆ ಬಂತು. ಮೂವತ್ತೆರಡು ವರ್ಷದ ಹೆಸರು ಒಂದು ಸೆಕೆಂಡಿನಲ್ಲಿ ಹೋಯಿತು. ಎಲ್ಲ ಬಲ್ಲ ಸಾಕ್ಷಿ ನಾನೊಬ್ಬನೇ, ನನಗೋ ನಾಲಿಗೆ ಇಲ್ಲ.

ಕಂಪನಿ ಕ್ಯಾಮೆರಾ, ಮೋಟಾರು ಕಿತ್ತುಕೊಂಡು ಕಾರು ಮಾರಿತು. ಈಗ ನಾನು ನವನಗರದ ಒಂದು ಡ್ರೈವಿಂಗ್ ಸ್ಕೂಲಿನಲ್ಲಿದ್ದೇನೆ. ರಬ್ಬರು ಸವೆದಿದೆ, ಸ್ಪ್ರಿಂಗು ನರಳುತ್ತದೆ. ಕಲಿಸುವವರು ಖಾದರಸಾಬರೇ. ಆ ಕಾರು ಬೇಡವೆಂದು ಮಾಲೀಕರೇ ಹೇಳಿದರೂ, ಇದರಲ್ಲೇ ಕಲಿಸುತ್ತೇನೆಂದು ಹಟ ಹಿಡಿದರಂತೆ.

ಈಗ ಕಲಿಯುತ್ತಿರುವವರು ಶಕುಂತಲಾ ಎಂಬ ಬಟ್ಟೆ ಹೊಲಿಯುವ ಹೆಂಗಸು. ಹೊಲಿಗೆ ಯಂತ್ರ ತುಳಿದು ಪಳಗಿದ ಪಾದ, ಹದವಾಗಿದೆ. ದಿನಾ ಬೆಳಿಗ್ಗೆ ಮಿಲ್ಲಿನ ಎದುರು ಕಾರು ನಿಲ್ಲಿಸಲು ಸಾಬರು ಅವರಿಗೆ ಹೇಳುತ್ತಾರೆ. ಶಾಲೆಗೆ ಹೊರಟ ನೀಲವ್ವ ಅಲ್ಲಿ ಕೋಲೂರಿ ನಿಂತಿರುತ್ತಾಳೆ. ಕೈ ಎತ್ತುವುದಿಲ್ಲ. ಸಾಬರು ಗಾಜು ಇಳಿಸಿ, ದಾಟವ್ವಾ, ನಾನಿದ್ದೇನೆ ಎನ್ನುತ್ತಾರೆ.

“ನೀವ ಹೋಗ್ರಿ ಸಾಬ್ರ,” ಎನ್ನುತ್ತಾಳೆ ಆಕೆ. “ನಾ ಆಮ್ಯಾಲೆ ದಾಟತೀನಿ.”

ಕೋಪವಿಲ್ಲ, ಬರೀ ಹೆದರಿಕೆ. ನನಗದು ಚೆನ್ನಾಗಿ ಗೊತ್ತು, ನಾನೂ ಅದರಲ್ಲೇ ಬಾಳಿದವನು. ಕಾರು ನಿಲ್ಲಿಸುವುದನ್ನು ನನಗೆ ಹುಟ್ಟಿದ ದಿನವೇ ಕಲಿಸಿದ್ದಾರೆ. ನಿಂತಿದ್ದೇನೆ, ಬಾ ತಾಯಿ ಎಂದು ಆಕೆಯನ್ನು ನಂಬಿಸುವುದು ಹೇಗೆಂದು ನನಗೆ ತಿಳಿಯದು. ಹಿಂದೆ ಲಾರಿಯವರು ಹಾರ್ನ್ ಬಾರಿಸುತ್ತಾರೆ, ಬೈಯುತ್ತಾರೆ. ಹೋಗಲೇ ಸರ್ ಎಂದು ಶಕುಂತಲಾ ಕೇಳುತ್ತಾರೆ.

“ಕಾಲು ತೆಗೀಬ್ಯಾಡ್ರಿ,” ಎನ್ನುತ್ತಾರೆ ಖಾದರಸಾಬರು.