ಗುಂಡಿಗೆ ಬಿದ್ದ ಎಪ್ಪತ್ತೊಂದು ವೋಟು

ಸೊಸೆಯ ಕೆಲಸ ಪತ್ರಿಕೆಯ ಕಚೇರಿಯಲ್ಲಿ ನಕ್ಷೆ ಬರೆಯುವುದು. ನೀರಿನ ಪೈಪು ಎಲ್ಲಿ ಒಡೆಯಿತು, ಬಸ್ಸು ಯಾವ ಕಡೆ ತಿರುಗುತ್ತದೆ, ಮಳೆ ಎಲ್ಲಿ ಬಿತ್ತು, ಎಲ್ಲಿ ಬರೀ ಗುಡುಗಿತು, ಎಲ್ಲವನ್ನೂ ಅಂಗೈಯಗಲದ ಬಣ್ಣದ ಚಿತ್ರ ಮಾಡಿ ಕೊಡುತ್ತಾಳೆ. ಓದುಗರು ಅದರಲ್ಲಿ ತಮ್ಮ ಮನೆಯನ್ನು ಹುಡುಕಿ, ಸಿಗದೆ, ಪುಟ ತಿರುವುತ್ತಾರೆ. ಹೀಗೆ ಯಾರ ತಂಟೆಗೂ ಹೋಗದೆ ಹನ್ನೊಂದು ವರ್ಷ ಕಳೆದವಳು ಈ ಸಲದ ಚುನಾವಣೆಯ ನಕ್ಷೆ ಬರೆದು ಸ್ವಂತ ಮಾವನ ಕುರ್ಚಿಗೇ ಸಂಚಕಾರ ತಂದಳು.

ಕುರ್ಚಿ ಎಂದರೆ ನಿಜವಾಗಿಯೂ ಕುರ್ಚಿಯೇ. ಕೆಂಪು ಪ್ಲಾಸ್ಟಿಕ್ಕಿನದು, ಒಂದು ಕೈ ಮುರಿದಿದೆ. ಮತದಾನದ ದಿನ ಮಾವ ಅದನ್ನು ಹೊತ್ತುಕೊಂಡು ಹೋಗಿ ಮತಗಟ್ಟೆಯಿಂದ ಆಚೆ, ಗೆರೆ ಎಳೆದ ಜಾಗದಲ್ಲಿ ಹಾಕಿ ಕೂತರೆ ಸಂಜೆಯವರೆಗೆ ಏಳುವುದಿಲ್ಲ. ಅವರು ಬಾಚಣಿಗೆ ಪಕ್ಷದ ಏಜೆಂಟು. ತಲೆಯ ಮೇಲೆ ಒಂದೇ ಒಂದು ಕೂದಲಿಲ್ಲ, ಆದರೂ ಮೂವತ್ತು ವರ್ಷದಿಂದ ಬಾಚಣಿಗೆ. ಇದನ್ನು ಬೀದಿಯವರು ಎಂದೋ ನಕ್ಕು ಮುಗಿಸಿದ್ದಾರೆ. ಈಗ ನಗುವವರು ಹೊಸದಾಗಿ ಬಾಡಿಗೆಗೆ ಬಂದವರು ಮಾತ್ರ.

ನಗರದ ಹೊರವಲಯದ ಆ ಬೀದಿಯ ಮತಗಟ್ಟೆ, ನಂಬರು ಇನ್ನೂರ ಹನ್ನೆರಡು, ಮಾವನಿಗೆ ಬಾಯಿಪಾಠ. ಯಾರು ಬೆಳಿಗ್ಗೆಯೇ ಬರುತ್ತಾರೆ, ಯಾರನ್ನು ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿ ಕರೆತರಬೇಕು, ಯಾವ ಅಣ್ಣತಮ್ಮಂದಿರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಬಾರದು, ಎಲ್ಲ ಗೊತ್ತು. ಎಣಿಕೆ ಮುಗಿಸಿ ಬಂದು ಬೀದಿಯ ನಡುವೆ ನಿಂತು ಅವರು ಗಂಟಲು ಸರಿಮಾಡಿಕೊಂಡು ಓದುತ್ತಿದ್ದ ಅಂಕಿಯೂ ಬೀದಿಗೆ ಬಾಯಿಪಾಠವೇ ಆಗಿತ್ತು. "ಬಾಚಣಿಗೆ, ಐನೂರ ತೊಂಬತ್ತನಾಲ್ಕು! ಗುಂಡಿ, ಎರಡು!"

ಗುಂಡಿ ಎಂದರೆ ಅಂಗಿಯ ಗುಂಡಿ, ಎದುರು ಪಕ್ಷದ ಗುರುತು. ಅದರ ಏಜೆಂಟು ಬೀದಿಯ ಮೂಲೆಯ ದರ್ಜಿ. ಮಾವನಿಗೂ ಅವರಿಗೂ ರಕ್ತಸಂಬಂಧವೇನೂ ಇಲ್ಲ. ಮಾವ ದರ್ಜಿಯ ಹೆಂಡತಿಯನ್ನು ತಂಗಿ ಎಂದು ಕರೆದರು, ಹಾಗಾಗಿ ದರ್ಜಿ ಭಾವನಾದರು. ಅಷ್ಟೇ ಸಾಕಾಯಿತು, ಮೂವತ್ತು ವರ್ಷ ಜಗಳವಾಡಲು. "ಗುಂಡಿ, ಎರಡು!" ಎಂದ ಕೂಡಲೇ ಬೀದಿಗೆ ಬೀದಿಯೇ ನಗುತ್ತಿತ್ತು. ಆಗ ದರ್ಜಿಯ ಹೆಂಡತಿ ಅಂಗಡಿಯ ಬಾಗಿಲಿಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, "ಒಂದು ಇವರದ್ದು, ಒಂದು ನಂದು. ಲೆಕ್ಕ ಸರಿಯಾಗಿದೆ, ನಗೋಕೇನಿದೆ?" ಎನ್ನುತ್ತಿದ್ದರು. ಜನ ಇನ್ನೂ ಜೋರಾಗಿ ನಗುತ್ತಿದ್ದರು. ಆಕೆಯೂ ನಗುತ್ತಿದ್ದರು. ಆರು ಚುನಾವಣೆ ಹೀಗೆ ಕಳೆದವು. ಏಳನೆಯದಕ್ಕೆ ಎಂಟು ತಿಂಗಳಿರುವಾಗ ಆಕೆ ತೀರಿಕೊಂಡರು.

ಈ ಸಲ ಮಾವ ಎಣಿಕೆ ಮುಗಿಸಿ ಬಂದವರು ಬೀದಿಯಲ್ಲಿ ನಿಲ್ಲಲಿಲ್ಲ, ಓದಲಿಲ್ಲ. ತಲೆನೋವು ಎಂದು ನೇರವಾಗಿ ಮನೆಯೊಳಗೆ ಹೋಗಿ ಮಲಗಿದರು. ಅಂಕಿ ಸೊಸೆಯ ಕಣ್ಣಿಗೆ ಬಿದ್ದದ್ದು ಮರುದಿನ ಕಚೇರಿಯಲ್ಲಿ. ಬಾಚಣಿಗೆ ಐನೂರ ಇಪ್ಪತ್ತೊಂದು. ಗುಂಡಿ ಎಪ್ಪತ್ತೊಂದು.

ಆ ಎಪ್ಪತ್ತೊಂದರಲ್ಲಿ ಒಂದು ಯಾರದ್ದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳದ್ದೇ. ಇನ್ನೊಂದು ದರ್ಜಿಯದ್ದಿರಬೇಕು. ಉಳಿದ ಅರವತ್ತೊಂಬತ್ತು ಎಲ್ಲಿಂದ ಬಂದವು?

ಯೋಚಿಸಲು ಸಂಪಾದಕರು ಬಿಡಲಿಲ್ಲ. ನಗರ ಮತ್ತು ಹೊರವಲಯದ ನಾನೂರು ಚಿಲ್ಲರೆ ಮತಗಟ್ಟೆಗಳಲ್ಲಿ ಕಳೆದ ಸಲಕ್ಕೂ ಈ ಸಲಕ್ಕೂ ಯಾರು ಎಷ್ಟು ವಾಲಿದರು ಎಂಬ ನಕ್ಷೆ ಅವರಿಗೆ ಸಂಜೆಯೊಳಗೆ ಬೇಕಿತ್ತು. ಗುಂಡಿಗೆ ನೀಲಿ, ಎಷ್ಟು ಪಟ್ಟು ಏರಿದೆಯೋ ಅಷ್ಟು ಕಡು.

"ಸರ್, ಪಟ್ಟಿನ ಲೆಕ್ಕ ಬೇಡ," ಎಂದಳು ಸೊಸೆ. "ಮುನ್ನೂರು ಇದ್ದದ್ದು ನಾನೂರಾದ್ರೆ ತೆಳು ನೀಲಿ ಬರುತ್ತೆ. ಎರಡು ಇದ್ದದ್ದು ಎಪ್ಪತ್ತೊಂದಾದ್ರೆ ಮೂವತ್ತೈದೂವರೆ ಪಟ್ಟು, ಮಸಿ ಚೆಲ್ಲಿದ ಹಾಗೆ ಕಾಣುತ್ತೆ. ಅಲ್ಲಿ ಗೆದ್ದಿರೋದು ಬಾಚಣಿಗೇನೇ."

"ಮಸಿ ಚೆಲ್ಲಿದ ಹಾಗೆ ಕಂಡ್ರೇನೇ ಜನ ನೋಡೋದು. ಹಾಕಮ್ಮ," ಎಂದರು ಸಂಪಾದಕರು. ತಲೆಬರಹವನ್ನೂ ತಾವೇ ಬರೆದರು: 'ಹೊರವಲಯದಲ್ಲಿ ಎಲ್ಲೆಲ್ಲಿ ಹೆಚ್ಚಿದೆ ಗುಂಡಿ?'

ಬೆಳಗಾಗುವಷ್ಟರಲ್ಲಿ ಇನ್ನೂರ ಹನ್ನೆರಡು ಇಡೀ ನಗರಕ್ಕೆ ದೃಷ್ಟಿಬೊಟ್ಟಿನಂತೆ ಕೂತಿತ್ತು. ಟಿವಿಯಲ್ಲಿ ಕುತ್ತಿಗೆಗೆ ಶಾಲು ಸುತ್ತಿಕೊಂಡ ಪಂಡಿತರೊಬ್ಬರು ಆ ಬೊಟ್ಟಿನ ಮೇಲೆ ಕೋಲಿಟ್ಟು, "ಇದು ಯುವಜನರ ಒಳಗುದಿ" ಎಂದರು. ಆ ಬೀದಿಯ ಯುವಜನರಲ್ಲಿ ಅತಿ ಕಿರಿಯವರಿಗೆ ನಲವತ್ತೆರಡು. ಇನ್ನೊಬ್ಬರು "ಮಧ್ಯಮವರ್ಗದ ಮೌನ ಬಂಡಾಯ" ಎಂದರು. ಮೌನ ಎನ್ನುವುದು ಆ ಬೀದಿಗೆ ಹುಟ್ಟಿದಂದಿನಿಂದ ಕಾಲಿಟ್ಟಿಲ್ಲ. ಗೊತ್ತಿಲ್ಲ ಎನ್ನುವ ಮೂರಕ್ಷರ ಪಂಡಿತರ ಬಾಯಲ್ಲಿ ಬಂದದ್ದನ್ನು ಯಾರಾದರೂ ಕೇಳಿದ್ದರೆ ನನಗೆ ತಿಳಿಸಿ.

ಆದರೂ ಪಂಡಿತರನ್ನು ಮೀರಿಸಿದವರು ರಸ್ತೆ ಇಲಾಖೆಯವರು. ಹೊಸದಾಗಿ ಬಂದ ಎಂಜಿನಿಯರು ತಲೆಬರಹ ಓದಿ, ನಕ್ಷೆ ನೋಡಿ, ಪತ್ರಿಕೆಯವರು ರಸ್ತೆಗುಂಡಿಗಳ ಲೆಕ್ಕ ಬಯಲಿಗಿಟ್ಟಿದ್ದಾರೆಂದು ಹೌಹಾರಿದರು. ನೀಲಿ ಅತಿ ಕಡು ಇದ್ದಲ್ಲಿಗೆ ಅದೇ ಮಧ್ಯಾಹ್ನ ಎರಡು ಲಾರಿ ಜಲ್ಲಿ, ಒಂದು ಡ್ರಮ್ಮು ಡಾಂಬರು, ಒಂದು ರೋಲರು ಬಂದವು. ಹತ್ತು ವರ್ಷ ಅರ್ಜಿ ಕೊಟ್ಟರೂ ಮುಚ್ಚದ ಗುಂಡಿಗಳು ಒಂದೇ ದಿನದಲ್ಲಿ ಮುಚ್ಚಿದವು. "ನೋಡಿದ್ರಾ, ಗುಂಡಿಗೆ ಎಪ್ಪತ್ತೊಂದು ಬಿದ್ದಿದ್ದಕ್ಕೇ ರಸ್ತೆ ಬಂತು!" ಎಂದು ಗುಂಡಿ ಪಕ್ಷದವರು ಕುಣಿದಾಡಿ, ದರ್ಜಿಯನ್ನು ಇಡೀ ಹೊರವಲಯಕ್ಕೆ ಅಧ್ಯಕ್ಷರನ್ನಾಗಿ ಮಾಡಿಬಿಟ್ಟರು.

ಬಾಚಣಿಗೆಯ ಕಚೇರಿಯಿಂದ ಮಾವನಿಗೂ ಫೋನು ಬಂತು. ಭಾನುವಾರ ಸಂಜೆ ಸಭೆ. ಎಪ್ಪತ್ತೊಂದು ವೋಟು ಯಾಕೆ ಹೋಯಿತೆಂದು ಕಾರಣ ಹೇಳಬೇಕು, ಇಲ್ಲವೇ ಬೂತು ಬಿಟ್ಟುಕೊಡಬೇಕು.

ಮಾವ ನಡುಮನೆಯಲ್ಲಿ ಮತದಾರರ ಪಟ್ಟಿ ಹರಡಿಕೊಂಡು ಕೂತರು. "ಮೂವತ್ತು ವರ್ಷ ಬಿಸಿಲಲ್ಲಿ ಕೂತಿದ್ದೀನಿ. ಒಂದು ದಿನ ಕೊಡೆ ಹಿಡೀಲಿಲ್ಲ. ಆ ಕುರ್ಚಿ ಹೋದ್ರೆ ನಾನು ಯಾವನು? ಬೋಳುತಲೆ ಮುದುಕ, ಅಷ್ಟೇ," ಎಂದರು. ಹೇಳುವಾಗ ದನಿ ಒಡೆಯಿತು. ಅಷ್ಟರಲ್ಲೇ ಅವರು ಸುಧಾರಿಸಿಕೊಂಡು, "ಈ ಬೀದೀಲಿ ಎಪ್ಪತ್ತೊಂದು ಕಳ್ಳರಿದ್ದಾರೆ! ಒಬ್ಬೊಬ್ಬರನ್ನೂ ಹಿಡೀತೀನಿ!" ಎಂದು ಗುಡುಗಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮಗ, ಅಂದರೆ ಸೊಸೆಯ ಗಂಡ, ಪತ್ರಿಕೆಯನ್ನು ತಲೆಕೆಳಗು ಹಿಡಿದು ಓದತೊಡಗಿದ. ಅತ್ತೆ ತೊಳೆದ ಲೋಟಗಳನ್ನೇ ಮತ್ತೆ ತೊಳೆಯಲು ಎದ್ದರು. ಸೊಸೆಗೆ ತಡೆಯಲಾಗಲಿಲ್ಲ.

"ಮಾವ, ಒಂದು ನಂದು."

"ಏನು ನಿಂದು?"

"ವೋಟು. ಮೆಷಿನ್ ಮುಂದೆ ನಿಂತಾಗ ದರ್ಜಿ ಮನೆ ಅಮ್ಮನ ನೆನಪಾಯ್ತು. ಈ ಸಲ ನೀವು 'ಗುಂಡಿ, ಒಂದು' ಅಂತ ಓದಿದ್ರೆ ಬಾಗಿಲಿಗೆ ಯಾರು ಬರ್ತಾರೆ ಅನ್ನಿಸ್ತು. ಅವರದ್ದೊಂದು ನಾನು ಹಾಕಿಬಿಟ್ರೆ ಎರಡು ಎರಡಾಗೇ ಉಳಿಯುತ್ತಲ್ಲ ಅಂತ ಒತ್ತಿಬಿಟ್ಟೆ."

ಮಗ ಪತ್ರಿಕೆ ಕೆಳಗಿಟ್ಟ. "ಅಯ್ಯೋ, ನೀನೂನಾ? ನಾನು ಹಾಕ್ತೀನಲ್ಲ, ಸಾಕು ಅಂದ್ಕೊಂಡಿದ್ದೆ!"

ಅತ್ತೆ ಲೋಟ ಹಿಡಿದುಕೊಂಡೇ ಬಂದರು. "ನೀವು ಮೂರು ಜನ ಇದ್ದೀರಲ್ಲ ಬಾಚಣಿಗೆಗೆ, ನಂದೊಂದು ಹೋದ್ರೆ ಏನು ಅಂತ ನಾನು... ಮೂವತ್ತು ವರ್ಷ ಅವಳ ಜೊತೆ ಒಂದೇ ನಲ್ಲಿಯಲ್ಲಿ ನೀರು ಹಿಡಿದಿದ್ದೀನಿ ಕಣ್ರೀ."

"ಮೂರು," ಎಂದ ಮಗ ಬೆರಳು ಮಡಚುತ್ತ.

ಮೂವರೂ ಮಾವನ ಕಡೆ ನೋಡಿದರು. ಮಾವ ಬೋಳುತಲೆಯನ್ನು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಸವರಿಕೊಂಡರು. ಪಟ್ಟಿಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ನಾಲ್ಕು," ಎಂದರು ಕೊನೆಗೆ.

ಆಮೇಲೆ ಅತ್ತೆ ಸೂಜಿ ಕೇಳುವ ನೆಪದಲ್ಲಿ ಬೀದಿ ಸುತ್ತಿ ಬಂದರು. ಕಂಪೌಂಡರ್ ಮನೆಯಲ್ಲಿ ಮೂರು. ನಿವೃತ್ತ ಮೇಷ್ಟ್ರ ಮನೆಯಲ್ಲಿ ಗಂಡ ಹೆಂಡತಿ ಒಬ್ಬರಿಗೊಬ್ಬರು ಗೊತ್ತಿಲ್ಲದಂತೆ ಎರಡು. ಎಲ್ಲರೂ ಹೇಳಿದ್ದು ಒಂದೇ ಮಾತು: ಆಕೆಯ ವೋಟು ಖಾಲಿ ಬೀಳಬಾರದೆಂದು ನಾನು ಮಾತ್ರ ಹಾಕಿದೆ, ನಿಮ್ಮೆಜಮಾನರಿಗೆ ಹೇಳಬೇಡಿ. ಹನಿಗೂಡಿದರೆ ಹಳ್ಳ ಎನ್ನುತ್ತಾರಲ್ಲ, ಇಲ್ಲಿ ಪ್ರತಿಯೊಂದು ಹನಿಯೂ ತಾನು ಒಂಟಿ ಎಂದುಕೊಂಡೇ ಬಿದ್ದಿತ್ತು. ಅತ್ತೆ ಸೂಜಿಗಳ ಒಂದು ರಾಶಿಯನ್ನು ಮೇಜಿನ ಮೇಲೆ ಸುರಿದು ಹೇಳಿದರು, "ನಮ್ಮನೆ ನಾಲ್ಕು ಸೇರಿ ಎಪ್ಪತ್ತೊಂದು."

ಸೊಸೆ ಅಂಕಿಯ ಮನುಷ್ಯಳು. "ಅತ್ತೆ, ದರ್ಜಿ ಮಾವಂದು ಸೇರಿಸಿದ್ರಾ?"

"ಅವರನ್ನ ಹೇಗೆ ಕೇಳೋದು? ಸೇರಿಸಿಲ್ಲ."

"ಹಾಗಾದ್ರೆ ಎಪ್ಪತ್ತೆರಡಾಗುತ್ತೆ. ಒಂದು ಹೆಚ್ಚು."

"ಯಾರೋ ಪುಣ್ಯ ಕಟ್ಕೊಳ್ಳೋಕೆ ಸುಳ್ಳು ಹೇಳಿರ್ತಾರೆ ಬಿಡು," ಎಂದರು ಅತ್ತೆ.

ಸೊಸೆಗೆ ಸಮಾಧಾನವಾಗಲಿಲ್ಲ. ಆದರೂ ಕಾರಣ ಸಿಕ್ಕಿತಲ್ಲ, ಮಾವನ ಕುರ್ಚಿ ಉಳಿಯಿತೆಂದು ಅವಳಿಗೆ ಜೀವ ಬಂದಂತಾಯಿತು. ಭಾನುವಾರ ಅವಳೂ ಜೊತೆಗೆ ಹೊರಟಳು. ಪಕ್ಷದ ಕಚೇರಿಯ ಹೊರಗೆ ಬೆಂಚಿನ ಮೇಲೆ ಕೂತವಳಿಗೆ ಒಳಗಿನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ಕಾರಣ ಏನು ಹೇಳಿ ಯಜಮಾನ್ರೇ," ಎಂದಿತು ಒಂದು ದನಿ.

ಆಮೇಲೆ ಮಾವನ ದನಿ. "ನನ್ನ ಕೆಲಸ ಸಾಲಲಿಲ್ಲ. ವಯಸ್ಸಾಯ್ತು. ಬೂತು ಬೇರೆ ಯಾರಿಗಾದ್ರೂ ಕೊಡಿ."

ಹೊರಗೆ ಬಂದ ಕೂಡಲೇ ಸೊಸೆ ಹಿಡಿದು ನಿಲ್ಲಿಸಿದಳು. "ಯಾಕೆ ಮಾವ? ನಿಜ ಹೇಳಿದ್ರೆ ಬಿಟ್ಟುಬಿಡ್ತಿದ್ರು!"

"ಬಿಡ್ತಿದ್ರು. ಬಿದ್ದು ಬಿದ್ದು ನಗ್ತಲೂ ಇದ್ರು. ಸತ್ತೋಳ ವೋಟು ಎಪ್ಪತ್ತೊಂದು ಸಲ ಬಿತ್ತು ಅಂತ ನಾಳೆ ನಗರವೆಲ್ಲಾ ನಗ್ತಿತ್ತು. ನಮ್ಮ ಬೀದಿ ನಗೋದು ಬೇರೆ ಕಣಮ್ಮ. ನಾವು ಅವಳ ಎದುರಿಗೇ ನಗ್ತಿದ್ವಿ, ಅವಳೂ ನಗ್ತಿದ್ಲು."

ಬಸ್ಸಿಳಿದು, ಮನೆಗೆ ಹೋಗುವ ಬದಲು ಮಾವ ಹೊಸ ಡಾಂಬರಿನ ಮೇಲೆ ನಡೆದು ನೇರವಾಗಿ ದರ್ಜಿಯ ಅಂಗಡಿಗೆ ಹೋದರು. ಸೊಸೆ ಹಿಂದೆಯೇ ಹೋದಳು. ದರ್ಜಿ ಕೊರಳಿಗೆ ಟೇಪು ಹಾಕಿಕೊಂಡು ಮೆಷಿನ್ ತುಳಿಯುತ್ತಿದ್ದರು. ಬಟ್ಟೆಯ ರಾಶಿಯ ಮೇಲೆ ಅಧ್ಯಕ್ಷಗಿರಿಯ ಬಾಡಿದ ಹಾರವೊಂದು ಬಿದ್ದಿತ್ತು.

"ಬೂತು ಬಿಟ್ಟೆ ಭಾವ. ನೀನು ಗೆದ್ದೆ," ಎಂದರು ಮಾವ.

"ಗೆದ್ದೆನಾ?" ದರ್ಜಿ ಕತ್ತರಿಯನ್ನು ಟಪ್ಪೆಂದು ಇಟ್ಟರು. "ಅವಳು ಹೋದ್ಮೇಲೆ ನನಗೆ ಇದ್ಯಾವುದೂ ಬೇಡವಾಗಿತ್ತು. ಬಿಡ್ತೀನಿ ಅಂದ್ರೆ ಪಕ್ಷದೋರು ಬಿಡ್ಲಿಲ್ಲ. ಸೊನ್ನೆ ಬಂದ್ರೆ ತಾವಾಗೇ ಕಳಿಸ್ತಾರೆ ಅಂತ ನಾನೇ ಬಾಚಣಿಗೆಗೆ ಒತ್ತಿ ಬಂದೆ! ನೋಡಿದ್ರೆ ಎಪ್ಪತ್ತೊಂದು! ಈಗ ಅಧ್ಯಕ್ಷ. ದಿನಕ್ಕೆ ಎರಡು ಸಭೆ. ಹದಿನಾರು ಅಂಗಿ ಹಾಗೇ ಕೂತಿವೆ. ಈ ಬೀದೀಲಿ ಎಪ್ಪತ್ತೊಂದು ಜನಕ್ಕೆ ನನ್ನ ಮೇಲೆ ಅದೇನು ಸಿಟ್ಟು ಭಾವ?"

ಎಪ್ಪತ್ತೆರಡನೆಯ ವೋಟು ಎಲ್ಲಿ ಹೋಯಿತೆಂದು ಸೊಸೆಗೆ ಆಗ ತಿಳಿಯಿತು.

"ಸಿಟ್ಟಲ್ಲ ಮಾರಾಯ," ಎಂದರು ಮಾವ ಮೆಲ್ಲಗೆ. "ತಂಗಿ ವೋಟು ಖಾಲಿ ಬೀಳಬಾರದು ಅಂತ ನಾನೊಂದು ಹಾಕಿದೆ. ನಾನೊಬ್ಬನೇ ಅಂದ್ಕೊಂಡಿದ್ದೆ. ಎಲ್ಲರೂ ಹಾಗೇ ಅಂದ್ಕೊಂಡ್ರು."

ಮೆಷಿನ್ನಿನ ಗಾಲಿ ಒಂದೆರಡು ಸುತ್ತು ತಾನೇ ತಿರುಗಿ ನಿಂತಿತು. ದರ್ಜಿ ಬಾಗಿಲ ಕಡೆ ನೋಡಿದರು.

"ಎಪ್ಪತ್ತೊಂದೂ ಅವಳದ್ದೇನಾ?"

"ಎಪ್ಪತ್ತೊಂದೂ."

ಹೊಲಿಯುತ್ತಿದ್ದ ಅಂಗಿಯ ತೋಳಿನಿಂದಲೇ ದರ್ಜಿ ಕಣ್ಣೊರೆಸಿಕೊಂಡರು. ಅದು ಮೇಷ್ಟ್ರ ಅಂಗಿ. ಆಮೇಲೆ ಮೂಗನ್ನೂ ಒರೆಸಿಕೊಂಡರು. "ಭಾವ," ಎಂದರು, "ಈ ಸಲ ನೀನು ಓದಲೇ ಇಲ್ವಲ್ಲ."

ಮಾವ ಹೊರಗೆ ಹೋಗಿ ಬೀದಿಯ ನಡುವೆ ನಿಂತರು. ಗಂಟಲು ಸರಿಮಾಡಿಕೊಂಡರು. ಒಂದೊಂದೇ ಮನೆಯ ಬಾಗಿಲು ತೆರೆಯಿತು. "ಬಾಚಣಿಗೆ, ಐನೂರ ಇಪ್ಪತ್ತೊಂದು! ಗುಂಡಿ, ಎಪ್ಪತ್ತೊಂದು!"

ಯಾರೂ ನಗಲಿಲ್ಲ. ಎಲ್ಲರೂ ತಂತಮ್ಮ ಕಾಲು ನೋಡಿಕೊಳ್ಳುತ್ತ ನಿಂತರು.

ದರ್ಜಿ ಅಂಗಡಿಯ ಬಾಗಿಲಿಗೆ ಬಂದರು. ಕೊರಳಲ್ಲಿ ಟೇಪು ನೇತಾಡುತ್ತಿತ್ತು. ಎರಡೂ ಕೈಯನ್ನು ಸೊಂಟದ ಮೇಲಿಟ್ಟುಕೊಂಡರು.

"ಎಲ್ಲಾ ಅವಳದ್ದೇ," ಎಂದರು. "ಲೆಕ್ಕ ಸರಿಯಾಗಿದೆ, ನಗೋಕೇನಿದೆ?"

ಮೊದಲು ಅತ್ತೆ ನಕ್ಕರು. ಆಮೇಲೆ ಇಡೀ ಬೀದಿ ನಕ್ಕಿತು.