ಗುಂಡಿ ಒತ್ತಿ ಆಡಿದ ಮಾತು

ನೆಲ ಒರೆಸುವ ಔಷಧಕ್ಕೆ ಅಕ್ಕನ ಬೆರಳ ತುದಿಗಳು ಸುಲಿದುಹೋಗಿದ್ದವು. ಫೋನಿನ ಗಾಜು ಮುಟ್ಟಿದರೆ ಉರಿ. ಓದಲು ಬಾರದು, ಬರೆಯಲು ಬಾರದು. ಅವಳಂಥ ಮನೆಗೆಲಸದವರು ಕೆಲಸ ಹುಡುಕಿಕೊಳ್ಳಲೆಂದೇ ತಂಗಿ ಒಂದು ವೆಬ್ ಆ್ಯಪ್ ಕಟ್ಟಿದಳು. ಲಾಂಡ್ರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಜನರ ಫೋನ್ ರಿಪೇರಿ ಮಾಡುತ್ತ, ಬಿಡುವು ಸಿಕ್ಕಾಗೆಲ್ಲ ಅದರ ಕೆಲಸಕ್ಕೇ ಕೂರುತ್ತಿದ್ದಳು.

ಮೊದಲ ಸಲ ಹೆಸರು, ವಯಸ್ಸು, ಅನುಭವ ಅಂತ ತುಂಬುವುದಕ್ಕೆ ಹಲವು ಖಾನೆ ಇಟ್ಟಿದ್ದಳು. ಒಂದು ನರಪಿಳ್ಳೆಯೂ ಬರಲಿಲ್ಲ.

"ಇದೇನೇ, ಪೊಲೀಸ್ ಸ್ಟೇಷನ್ನಾ?" ಅಂತ ಅಕ್ಕ ನಕ್ಕಳು. "ನಾವು ಬಾಯಲ್ಲಿ ಹೇಳೋರು. ಬಾಯಿಗೆ ಏನಾದ್ರೂ ಮಾಡು."

ತಂಗಿ ಎಲ್ಲ ಕಿತ್ತು ಹಾಕಿ ಒಂದು ಕೆಂಪು ಗುಂಡಿ ಇಟ್ಟಳು. ಒತ್ತಿ ಹಿಡಿದು ಮಾತಾಡಬೇಕು, ಬಿಟ್ಟರೆ ಮಾತು ಆ್ಯಪ್ ಇರುವ ಎಲ್ಲ ಹೆಂಗಸರ ಫೋನಿಗೂ ಹೋಗುತ್ತದೆ. ಅಷ್ಟೇ. ಆಮೇಲೆ ನೋಡಿ, ಓಣಿಯಿಂದ ಓಣಿಗೆ ಹಬ್ಬಿತು. ಎಲ್ಲಿ ಕೆಲಸ ಖಾಲಿ ಇದೆ, ಯಾವ ಮನೆಯವರು ಹಳಸಿದ್ದು ಕೊಡುತ್ತಾರೆ, ಎಲ್ಲ ಅದರಲ್ಲೇ. ಕೆಲಸ ಕೊಡಿಸುವ ಏಜೆಂಟನ ಮನೆ ಬಾಗಿಲು ಕಾಯುವುದು ತಪ್ಪಿತು.

ಹೆಂಗಸರಿಗೊಂದು ರೂಢಿ. ಮಾತಿಗೆ ಮೊದಲು ತಾನು ಯಾರು, ಯಾವ ಮನೆಯವಳು ಅಂತ ಹೇಳಲೇಬೇಕು. ಯಾರೆಂದು ಹೇಳದೆ ಆಡಿದ ಮಾತನ್ನು ನಂಬುವುದು ಹೇಗೆ? ಅಕ್ಕನೂ ಹಾಗೆಯೇ ಹೇಳಿದ್ದಳು: "ನಾನು ಮೂಲೆ ಮನೆ ಕೆಲಸದೋಳು. ಯಜಮಾನಿತಿ ಇಲ್ಲದಾಗ ಇಲ್ಲಿಗೆ ಬರ್ಬೇಡಿ. ಯಜಮಾನನ ಕೈ ಸುಮ್ನಿರಲ್ಲ."

ಜನ ಹೆಚ್ಚಿದಂತೆ ಆ್ಯಪ್ ಏದುಸಿರು ಬಿಡತೊಡಗಿತು. ಅಷ್ಟು ದನಿ ಇಡಲು ಜಾಗವಿಲ್ಲ. ಆಗ ಬಂದ ಒಬ್ಬ, ಇಂಥ ಮಾಹಿತಿ ಕೂಡಿಡುವ ಕಂಪನಿಯವನು. ಬೆಣ್ಣೆಯಂಥ ಮಾತು.

"ನಮ್ಮ ಸರ್ವರಲ್ಲಿ ಇಡಿ, ಬಿಟ್ಟಿ. ನಿಮ್ಮಂಥ ಬಡವರಿಗೆ ಸಹಾಯ ಮಾಡೋದೇ ನಮ್ಮ ಆಸೆ."

ತಂಗಿ ಹಿಗ್ಗಿಹೋದಳು. ಅವನು ಕಳಿಸಿದ ಷರತ್ತು ಓದದೆಯೇ ಒಪ್ಪಿಗೆ ಅಂತ ಒತ್ತಿದಳು.

ಕೆಲವೇ ವಾರ. ಬಟ್ಟೆ ಒಗೆಯುವವಳನ್ನು ಗೇಟಿನಲ್ಲೇ ತಡೆದರು. ಮಗು ನೋಡಿಕೊಳ್ಳುವವಳಿಗೆ ಎಲ್ಲೂ ಕೆಲಸ ಸಿಗಲಿಲ್ಲ. ಯಾಕೆ ಅಂತ ಕೇಳಿದರೆ ಯಾರೂ ಹೇಳಲಿಲ್ಲ. ಒಂದು ಬೆಳಗ್ಗೆ ಮೂಲೆ ಮನೆಯ ಕಾವಲುಗಾರ ಅಕ್ಕನ ಮುಖ ನೋಡದೆ ಹೇಳಿದ, "ಒಳಗೆ ಬಿಡ್ಬೇಡ ಅಂದಿದಾರೆ. ಯಜಮಾನರ ಕೈ ಸುಮ್ನಿರಲ್ಲ ಅಂದ್ಯಂತಲ್ಲಮ್ಮ?"

ಅದು ಅಕ್ಕ ಗುಂಡಿ ಒತ್ತಿ ಆಡಿದ್ದ ಮಾತೇ, ಒಂದಕ್ಷರ ಆಚೀಚೆಯಿಲ್ಲ.

ತಂಗಿ ಕಂಪನಿಯವನಿಗೆ ಫೋನ್ ಮಾಡಿದಳು.

"ಏಜೆಂಟರಿಗೂ ಮನೆ ಯಜಮಾನರಿಗೂ ನಾವೇ ಮಾಹಿತಿ ಕೊಡೋದು," ಅಂದ ಅವನು, ದನಿ ಒಂಚೂರೂ ಏರಿಸದೆ. "ನೀವೇ ಒಪ್ಪಿದ್ರಲ್ಲ. ಮುಚ್ಚೋದಾದ್ರೆ ಮುಚ್ಚಿ. ಇಲ್ಲಿಗೆ ಬಂದ ದನಿ ನಮ್ಮದೇ. ಅಂದ ಹಾಗೆ, ನೀವಿರೋ ಲಾಂಡ್ರಿ ಮಹಡಿ ನಂಗೆ ಗೊತ್ತು."

ಕೆಲಸ ಕಳೆದುಕೊಂಡ ಹೆಂಗಸರು ಆ ಸಂಜೆ ಕೋಣೆ ತುಂಬ ಕುಳಿತರು. ತಂಗಿ ಏನನ್ನೂ ಮುಚ್ಚಿಡಲಿಲ್ಲ.

"ನಮ್ಮನ್ನ ಮಾರಿಬಿಟ್ಯಲ್ಲೇ," ಅಂದಳು ಅವರಲ್ಲೊಬ್ಬ ಅಡುಗೆಯವಳು.

"ಗೊತ್ತಿರ್ಲಿಲ್ಲ ಚಿಕ್ಕಮ್ಮಾ. ಬಿಟ್ಟಿ ಯಾಕೆ ಕೊಡ್ತಾನೆ ಅಂತ ಕೇಳ್ಬೇಕಿತ್ತು. ಕೇಳ್ಲಿಲ್ಲ." ತಂಗಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ಈಗಲೇ ಮುಚ್ಚಿಬಿಡ್ತೀನಿ."

"ತಡಿ," ಅಂದಳು ಅಕ್ಕ. "ಇದ್ರಲ್ಲಿ ಆಡಿದ್ದು ಯಜಮಾನನಿಗೆ ಈಗ್ಲೂ ಕೇಳ್ಸುತ್ತಾ?"

"ಎಲ್ಲಾ ಕೇಳ್ಸುತ್ತೆ ಅಕ್ಕಾ. ಅದೇ ಭಯ."

"ನಾವಾಡಿದ್ದು ಸುಳ್ಳಾ?"

ಅಕ್ಕ ಫೋನ್ ತೆಗೆದುಕೊಂಡು ಉರಿಯುವ ಬೆರಳಿಂದಲೇ ಗುಂಡಿ ಒತ್ತಿ ಹಿಡಿದಳು. ರೂಢಿಯಂತೆ ಮೊದಲು ತಾನು ಯಾರೆಂದು ಹೇಳಿದಳು. ಈ ಸಲ ತಂದೆಯ ಹೆಸರನ್ನೂ ಸೇರಿಸಿದಳು.

"ಮೂಲೆ ಮನೆ ಯಜಮಾನರೇ, ಅಡುಗೆಮನೇಲಿ ನೀವು ನನ್ನ ರಟ್ಟೆ ಹಿಡಿದು ಎಳೆದ್ರಿ. ಇಷ್ಟು ದಿನ ನಮ್ಮವರಿಗೆ ಮಾತ್ರ ಹೇಳ್ತಿದ್ದೆ. ನಾಳೆ ನಿಮ್ಮ ಗೇಟಿನ ಮುಂದೆ ನಿಂತು ಬೀದಿಗೆಲ್ಲಾ ಹೇಳ್ತೀನಿ. ಒಬ್ಬಳೇ ಬರಲ್ಲ."

ಕೆಳಗೆ ಕಾರೊಂದು ಬಂದು ನಿಂತಿತು. ಬಾಗಿಲು ಬಡಿದ ಸದ್ದು, ಆಮೇಲೆ ಮೆಟ್ಟಿಲ ಮೇಲೆ ಬೂಟುಗಾಲು. ಕಂಪನಿಯವನ ಬೆದರಿಕೆ ನೆನಪಾಗಿ ತಂಗಿ ಚಿಲಕ ಹಾಕಲು ಎದ್ದಳು.

"ಇರ್ಲಿ ಬಿಡು, ಬರ್ಲಿ," ಅನ್ನುತ್ತ ಅಡುಗೆಯವಳು ಅಕ್ಕನ ಕಡೆ ಕೈ ಚಾಚಿದಳು. "ಫೋನ್ ಕೊಡಿಲ್ಲಿ. ನಂದೂ ಹೇಳೋದಿದೆ."