ಆರನೇ ಭಾಗಕ್ಕೆ ಜಾಗ

ಭಾಗ್ಯಜ್ಯೋತಿ ಕೀಬೋರ್ಡುಗಳನ್ನು ಬೋರಲು ಹಾಕಿ, ಸಂದಿಯಲ್ಲಿದ್ದ ಚಿಪ್ಸ್ ಪುಡಿಯನ್ನು ಉದುರಿಸುತ್ತಿದ್ದಳು. ಬಿಟಿಎಂ ಬಡಾವಣೆಯ ಆ ಸೈಬರ್ ಕೆಫೆ ಅವಳ ಅಣ್ಣ ಮೌನೇಶನದು. ಅವಳು ಓದು ನಿಲ್ಲಿಸಿದ ಮೇಲೆ ದಿನಾ ಬೆಳಿಗ್ಗೆ ಬಾಗಿಲು ತೆಗೆಯುವ ಕೆಲಸ ಅವಳಿಗೆ ಬಿದ್ದಿತ್ತು. ಗಿರಾಕಿಗಳು ಬರುವ ತನಕ ಮೂಲೆಯ ಕಂಪ್ಯೂಟರಿನಲ್ಲಿ ‘ಗ್ರೇಫೋರ್ಟ್’ ಆಟದ ಐದನೇ ಭಾಗ ಆಡುತ್ತಿದ್ದಳು. ಬರೀ ಕೋಲು ಹಿಡಿದು ಹೊರಟಿದ್ದ ಅವಳ ಯೋಧೆ ಈಗ ಕೊನೆಯ ಕೋಟೆಯ ಬಾಗಿಲಲ್ಲಿ ನಿಂತಿದ್ದಳು. ಇದು ಯಾರಿಗೂ ಗೊತ್ತಿರಲಿಲ್ಲ.

ದಿನಾ ಬರುವ ಗಿರಾಕಿಗಳಾದ ಕೈಲಾಸ್, ಗುರುಸಿದ್ದ ಇಬ್ಬರೂ ಮ್ಯಾಗಜೀನ್ ಹಿಡಿದು ಬಂದರು. ಬರುವ ವರ್ಷ ಬಿಡುಗಡೆಯಾಗುವ ಅದೇ ಆಟದ ಆರನೇ ಭಾಗದ್ದು ಅದರಲ್ಲಿ ಒಂದೇ ಒಂದು ಫೋಟೋ ಇತ್ತು.

“ಈ ಸಲ ಸಮುದ್ರಾನೂ ಇದೆ ಮಗಾ, ಸಖತ್ತಾಗಿರುತ್ತೆ,” ಅಂದ ಕೈಲಾಸ್.

“ಏನ್ ಸಖತ್ತು ಮಗಾ? ಹೀರೋ ಗಡ್ಡಾನೇ ಬೋಳಿಸಿದಾರೆ. ಸೀರೀಸ್ ಕಥೆ ಮುಗೀತು,” ಅಂದ ಗುರುಸಿದ್ದ.

“ಐದನೇದು ಬಂದಾಗ್ಲೂ ಹಿಂಗೇ ಅಂದಿದ್ದೆ. ಆಡಿದ್ಯಾ?”

“ಮೊದಲನೇ ಊರಲ್ಲೇ ಬೇಜಾರಾಯ್ತು. ನೀನು?”

“ನಾನೂ ಅಲ್ಲೇ.”

ಆದರೂ ಎರಡು ರೌಂಡ್ ಟೀ ಮುಗಿದರೂ ವಾದ ಮುಗಿಯಲಿಲ್ಲ. ಹೊಸ ಆಟಕ್ಕೆ ಕಂಪ್ಯೂಟರಿನಲ್ಲಿ ತುಂಬ ಜಾಗ ಬೇಕು ಎಂಬುದೊಂದನ್ನು ಮಾತ್ರ ಇಬ್ಬರೂ ಒಪ್ಪಿದರು. ಗಿರಾಕಿಗಳು ಬಿಳೇಕಹಳ್ಳಿಯ ಇನ್ನೊಂದು ಕೆಫೆಗೆ ಹೋದಾರೆಂಬ ಭಯ ಕೌಂಟರಿನಲ್ಲಿದ್ದ ಮೌನೇಶನಿಗೆ. ಇನ್ನೂ ಹುಟ್ಟದ ಆಟಕ್ಕೆ ಇವತ್ತೇ ತೊಟ್ಟಿಲು ಕಟ್ಟಲು ಹೊರಟ.

“ಹಳೇದೆಲ್ಲ ಅಳಿಸಿಬಿಡ್ತೀನಿ,” ಎಂದು ಮೂಲೆಯ ಕಂಪ್ಯೂಟರಿನ ಮುಂದೆ ಕುಳಿತ. ಇಬ್ಬರೂ ಅವನ ಹಿಂದೆ ನಿಂತು, ಯಾವುದು ಮೊದಲು ಹೋಗಬೇಕೆಂದು ಹೇಳತೊಡಗಿದರು.

ಭಾಗ್ಯಜ್ಯೋತಿ ಬ್ರಶ್ ಕೆಳಗಿಟ್ಟಳು.

“ಅಣ್ಣಾ, ಐದನೇ ಭಾಗ ಇದರಾಗ ಒಂದರಾಗರೆ ಇರಲಿ. ನಾ ಆಡಾಕತ್ತೀನಿ, ಇನ್ನೂ ಮುಗಿದಿಲ್ಲ.”

ಮೂವರೂ ಪರದೆಯಿಂದ ಕಣ್ಣು ತೆಗೆಯದೆ, ಮುಂದೆ ಯಾವುದನ್ನು ಅಳಿಸಬೇಕೆಂದು ಮಾತಾಡುತ್ತಲೇ ಇದ್ದರು.